ಮೂವತ್ತಡಿ ಅಂಗಳಕ್ಕೊಂದು ಮರ

ಮರದಿಂದ ಮರಕ್ಕೆ ಎಷ್ಟು ದೂರ ಬಿಡಬೇಕು ಎಂಬುದಕ್ಕೆ ವರಾಹಮಿಹಿರನ ಬಳಿ ಖಚಿತ ಲೆಕ್ಕವಿದೆ. ಆರನೆಯ ಶತಮಾನದ ಅವನ ಬೃಹತ್ಸಂಹಿತೆಯಲ್ಲಿ ವೃಕ್ಷಾಯುರ್ವೇದಕ್ಕೆಂದೇ ಒಂದು ಅಧ್ಯಾಯವಿದೆ. 20 ಮೊಳದ ಅಂತರ ಉತ್ತಮ, 16 ಮೊಳ ಮಧ್ಯಮ, 12 ಮೊಳಕ್ಕಿಂತ ಕಡಿಮೆ ಕೂಡದು ಎನ್ನುತ್ತಾನೆ ಅಲ್ಲಿ. ಕಾರಣವನ್ನೂ ಕೊಡುತ್ತಾನೆ: ಒತ್ತಾಗಿ ಹುಟ್ಟಿದ ಮರಗಳು ಒಂದನ್ನೊಂದು ತಾಕುತ್ತವೆ, ಬೇರುಗಳು ಹೆಣೆದುಕೊಳ್ಳುತ್ತವೆ, ಪೀಡೆಗೊಳಗಾದ ಮರ ಸರಿಯಾಗಿ ಫಲ ಬಿಡುವುದಿಲ್ಲ. ಮೊಳಕ್ಕೆ ಒಂದೂವರೆ ಅಡಿ ಹಿಡಿದರೆ 20 ಮೊಳ ಎಂದರೆ 30 ಅಡಿ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಹೊಸ ಬಡಾವಣೆಗಳಲ್ಲಿ ಮಧ್ಯಮ ವರ್ಗ ಆಸೆಪಡುವ ಸೈಟಿನ ಅಳತೆ 30×40. ವರಾಹಮಿಹಿರನ ಲೆಕ್ಕ ಹಿಡಿದರೆ ಸೈಟಿನ ಇಡೀ ಅಗಲ ಎರಡು ಮರಗಳ ನಡುವಿನ ಖಾಲಿ ಜಾಗಕ್ಕೇ ಮುಗಿದುಹೋಯಿತು. ಅದರೊಳಗೆ ಮನೆ, ಸಂಪು, ಕಾರಿನ ಜಾಗ, ಚರಂಡಿ ಪೈಪು ಎಲ್ಲ ಕೂತ ಮೇಲೆ ಗೇಟಿನ ಪಕ್ಕ ಉಳಿಯುವುದು ಐದಾರು ಅಡಿ ಮಣ್ಣು. ಅಲ್ಲಿ ಏನು ನೆಡಬೇಕೆಂಬುದನ್ನು ನಾವು ನರ್ಸರಿಯವರಿಗೆ ಬಿಟ್ಟಿದ್ದೇವೆ. ಅದು ತೋಟಗಾರಿಕೆಯ ವಿಷಯ, ಹೆಚ್ಚೆಂದರೆ ವಾಸ್ತುವಿನ ವಿಷಯ ಎಂದುಕೊಂಡಿದ್ದೇವೆ. ನನಗೆ ಅದು ಧರ್ಮದ ವಿಷಯವಾಗಿಯೂ ಕಾಣುತ್ತದೆ. ನೆರಳು, ಹಣ್ಣು ಯಾವುದನ್ನೂ ಬಯಸದೆ, ಕಣ್ಣಿಗೆ ಚೆಂದವೆಂದು ಗೇಟಿನ ಬಳಿ ನೆಡುವ ಒಂದು ಚಿಕ್ಕ ಹೂಮರಕ್ಕೆ ನಮ್ಮ ಹಿರಿಯರು ಹೇಳಿದ ವೃಕ್ಷಪುಣ್ಯದಲ್ಲಿ ಪಾಲುಂಟೇ?

ಈ ಸೀಮೆಯಲ್ಲಿ ನಿಂತು ಹೀಗೆ ಕೇಳಲು ಕೊಂಚ ಸಂಕೋಚವಾಗಬೇಕು. ಮಾಗಡಿ ತಾಲ್ಲೂಕಿನ ಹುಲಿಕಲ್‌ನಿಂದ ಕುದೂರಿಗೆ ಹೋಗುವ ದಾರಿಯಲ್ಲಿ ಸಾಲುಮರದ ತಿಮ್ಮಕ್ಕನೂ ಅವರ ಗಂಡ ಚಿಕ್ಕಯ್ಯನೂ ನೂರಾರು ಆಲದ ಸಸಿ ನೆಟ್ಟು ಬೆಳೆಸಿದರು. ಕೂಲಿ ಮಾಡಿ ಬದುಕಿದ, ಮಕ್ಕಳಿಲ್ಲದ ದಂಪತಿ. ಕೊಡದಲ್ಲಿ ನೀರು ಹೊತ್ತರು, ದನ ತಿನ್ನದಂತೆ ಮುಳ್ಳು ಕಟ್ಟಿದರು. 2019ರಲ್ಲಿ ಪದ್ಮಶ್ರೀ ಬಂತು. 2025ರ ನವೆಂಬರ್‌ನಲ್ಲಿ ಅವರು ತೀರಿಕೊಂಡಾಗ ನಾಡೇ ತಲೆಬಾಗಿತು. ಅವರು ನೆಟ್ಟ ಮರದಲ್ಲಿ ಅವರದೆನ್ನುವುದು ಏನೂ ಇರಲಿಲ್ಲ. ರಸ್ತೆ ಸರ್ಕಾರದ್ದು, ನೆರಳು ದಾರಿಹೋಕರದು. ಅಶೋಕ ಚಕ್ರವರ್ತಿ ತನ್ನ ಏಳನೆಯ ಸ್ತಂಭಶಾಸನದಲ್ಲಿ, ಮನುಷ್ಯರಿಗೂ ಪ್ರಾಣಿಗಳಿಗೂ ನೆರಳಾಗಲೆಂದು ದಾರಿಬದಿಯಲ್ಲಿ ಆಲ ನೆಡಿಸಿದ್ದನ್ನು ಹೇಳಿಕೊಳ್ಳುತ್ತಾನೆ. ಚಕ್ರವರ್ತಿಯ ಬೊಕ್ಕಸ ಮಾಡಿದ ಕೆಲಸವನ್ನು ಎರಡು ಸಾವಿರ ವರ್ಷಗಳ ಮೇಲೆ ಇಬ್ಬರು ಕೂಲಿಯವರು ಬರಿಗೈಯಲ್ಲಿ ಮಾಡಿದರು. ಅಂಥ ಆಲದ ಸಾಲಿನ ಎದುರು ಕಾಂಪೌಂಡಿನೊಳಗಿನ ಪಾರಿಜಾತ ಒಂದು ಸ್ವಾರ್ಥದ ಅಲಂಕಾರವಲ್ಲವೇ? ಬಲವಾದ ಆಕ್ಷೇಪ ಇದು. ಇದನ್ನು ಪಕ್ಕಕ್ಕೆ ಸರಿಸಿ ಮುಂದೆ ಹೋಗಲಾಗದು.

ಆದರೆ ವೃಕ್ಷಪುಣ್ಯದ ಮಾತು ಬಂದಾಗಲೆಲ್ಲ ಉದ್ಧರಿಸುವ ಪುರಾಣದ ಎಣಿಕೆಯನ್ನೇ ತೆಗೆದು ನೋಡೋಣ. ಹತ್ತು ಬಾವಿಗೆ ಒಂದು ಕೊಳ, ಹತ್ತು ಕೊಳಕ್ಕೆ ಒಂದು ಕೆರೆ, ಹತ್ತು ಕೆರೆಗೆ ಒಬ್ಬ ಮಗ, ಹತ್ತು ಮಕ್ಕಳಿಗೆ ಒಂದು ಮರ ಎಂಬ ಲೆಕ್ಕ ಮತ್ಸ್ಯಪುರಾಣದ್ದು. ವನಮಹೋತ್ಸವದ ವೇದಿಕೆಗಳಲ್ಲಿ, ಅರಣ್ಯ ಇಲಾಖೆಯ ಗೋಡೆಗಳ ಮೇಲೆ ಇದು ಸವೆದುಹೋಗಿದೆ. ಅದು ಯಾವ ಸಂದರ್ಭದ ಮಾತು ಎಂದು ಕೇಳುವವರು ಕಡಿಮೆ. ಪಾರ್ವತಿ ಒಂದು ಅಶೋಕದ ಚಿಗುರನ್ನು ಮಗನೆಂದು ಭಾವಿಸಿ ನೀರೆರೆದು ಬೆಳೆಸುತ್ತಿದ್ದಾಳೆ. ದೇವತೆಗಳೂ ಋಷಿಗಳೂ ಬಂದು, ಮರವನ್ನು ಮಗನಾಗಿ ಮಾಡಿಕೊಳ್ಳುವುದರಿಂದ ಏನು ಫಲ ಎಂದು ಕೇಳುತ್ತಾರೆ. ಅದಕ್ಕೆ ಅವಳು ಕೊಟ್ಟ ಉತ್ತರ ಈ ಎಣಿಕೆ. ಅಂದರೆ ಆ ಲೆಕ್ಕ ಹುಟ್ಟಿದ್ದು ಆಲ, ಅರಳಿ, ಹುಣಸೆಗಳ ಬುಡದಲ್ಲಿ ಅಲ್ಲ. ಒಬ್ಬ ಹೆಂಗಸು ತನ್ನ ಪ್ರೀತಿಗೆ ಬೆಳೆಸಿಕೊಂಡ, ಅಷ್ಟೇನೂ ಎತ್ತರವಾಗದ, ಹೂವಿಗೇ ಹೆಸರಾದ ಮರವೊಂದರ ಬುಡದಲ್ಲಿ. ಪಾರ್ವತಿಯ ಉತ್ತರದಲ್ಲಿ ಮರದ ಗಾತ್ರದ ಪ್ರಸ್ತಾಪವಿಲ್ಲ, ಎಷ್ಟು ಜನ ನೆರಳಿಗೆ ಬಂದರೆಂಬ ಹಾಜರಾತಿಯೂ ಇಲ್ಲ. ಇರುವುದು ಸಂಬಂಧದ ಮಾತು: ಮಗನಿಗೆ ಏನು ಸಲ್ಲಬೇಕೋ ಅದು ಮರಕ್ಕೆ ಸಲ್ಲಬೇಕು, ಹತ್ತು ಪಟ್ಟು. ತಿಮ್ಮಕ್ಕನ ಬದುಕು ಈ ಕಥೆಗೆ ಎಷ್ಟು ಹತ್ತಿರವಿದೆ ಎಂದು ಹೊಸದಾಗಿ ಹೇಳಬೇಕಿಲ್ಲ. ಅವರ ಹಿರಿಮೆಯನ್ನು ನಾವು ಆಲದ ಗಾತ್ರಕ್ಕೆ ಕಟ್ಟಿಹಾಕಿದ್ದೇವೆ. ಬೇಸಿಗೆಯಿಂದ ಬೇಸಿಗೆಗೆ ಮರ ಸಾಯದಂತೆ ನೋಡಿಕೊಂಡ ವರ್ಷಗಳಲ್ಲಿ ಅದನ್ನು ಹುಡುಕುವುದು ಹೆಚ್ಚು ಸರಿ.

ಹಾಗಾದರೆ ಮಗನಿಗೆ ಸಲ್ಲಬೇಕಾದ್ದು ಮರದ ವಿಷಯದಲ್ಲಿ ಏನು? ನನ್ನ ವಾದವೆಲ್ಲ ಈ ಪ್ರಶ್ನೆಯ ಮೇಲೆ ನಿಂತಿದೆ. ಒಂದು ಮರಕ್ಕೆ ಸಲ್ಲಬೇಕಾದ ಮೊದಲ ಋಣವೆಂದರೆ ಅದು ತನ್ನ ಸಹಜ ಎತ್ತರಕ್ಕೆ ಏರಿ, ಸಹಜ ಹರವಿಗೆ ಹರಡಿ, ತನ್ನ ಆಯಸ್ಸನ್ನು ಮುಗಿಸಬಲ್ಲ ಜಾಗ. ಇದು ಸಸಿ ನೆಟ್ಟ ಮೇಲೆ ಯೋಚಿಸುವ ವಿಷಯವಲ್ಲ. ನರ್ಸರಿಯಲ್ಲಿ ಕೈ ಯಾವ ಪಾಕೀಟಿನ ಕಡೆ ಹೋಯಿತೋ ಅಲ್ಲೇ ತೀರ್ಮಾನವಾಗುತ್ತದೆ. ಐದಡಿ ಮಣ್ಣಿನಲ್ಲಿ ಭಕ್ತಿಯಿಂದ ಅರಳಿ ನೆಟ್ಟವರು ಹದಿನೈದು ವರ್ಷದ ಮೇಲೆ ನಡೆಯಲಿರುವ ಕಡಿತಕ್ಕೆ ಅಂದೇ ಸಹಿ ಹಾಕಿದಂತೆ. ಅಲ್ಲೇ ಒಂದು ಚಿಕ್ಕ ಮರವನ್ನು ಅಳೆದು ಆರಿಸಿದವರು, ಬಾಯಲ್ಲಿ ಒಂದು ಮಂತ್ರ ಬಾರದಿದ್ದರೂ, ಪಾರ್ವತಿಯ ಲೆಕ್ಕಕ್ಕೆ ಹತ್ತಿರವಾಗಿದ್ದಾರೆ.

ಮರಕ್ಕೆ ಋಣ ಸಲ್ಲಬೇಕು ಎನ್ನಲು ಅದಕ್ಕೆ ನೋವು ನಲಿವು ಇರಬೇಕಲ್ಲ ಎಂದು ಕೇಳಬಹುದು. ಈ ಸಂದೇಹವನ್ನು ಮಹಾಭಾರತ ನಮಗಿಂತ ಮೊದಲೇ ಎತ್ತಿದೆ. ಶಾಂತಿಪರ್ವದಲ್ಲಿ ಭರದ್ವಾಜ ಭೃಗುವನ್ನು ಕೇಳುತ್ತಾನೆ: ಮರಗಳು ಕೇಳವು, ನೋಡವು, ಮೂಸವು, ಅವು ಜೀವಿಗಳು ಹೇಗೆ? ಭೃಗುವಿನ ಉತ್ತರ ಶ್ರದ್ಧೆಯ ಅಪ್ಪಣೆಯಾಗಿ ಬರುವುದಿಲ್ಲ, ಕಂಡದ್ದರ ಮೇಲೆ ಕಟ್ಟಿದ ತರ್ಕವಾಗಿ ಬರುತ್ತದೆ. ಬಿಸಿಗೆ ಎಲೆ ಬಾಡುತ್ತದೆ, ಆದ್ದರಿಂದ ಸ್ಪರ್ಶವಿದೆ. ಸಿಡಿಲಿನ ಸದ್ದಿಗೆ ಹೂ ಹಣ್ಣು ಉದುರುತ್ತವೆ, ಆದ್ದರಿಂದ ಕೇಳುತ್ತದೆ. ಬಳ್ಳಿ ದಾರಿ ಹುಡುಕಿಕೊಂಡು ಸುತ್ತುತ್ತದೆ, ಆದ್ದರಿಂದ ಕಾಣುತ್ತದೆ. ಇಂದಿನ ಸಸ್ಯವಿಜ್ಞಾನಿ ಈ ಹೇತುಗಳಲ್ಲಿ ಹೆಚ್ಚಿನವನ್ನು ಒಪ್ಪಲಾರರು. ಸಿಡಿಲಿಗೆ ಹೂ ಉದುರಿದರೆ ಅದು ಕಿವಿಯಿಂದಲ್ಲ, ಗಾಳಿಯಿಂದ. ಜೈನರು ಇನ್ನೂ ಎಚ್ಚರದಿಂದ ಮಾತಾಡಿದರು: ಮರ ಏಕೇಂದ್ರಿಯ ಜೀವ, ಅದಕ್ಕಿರುವುದು ಸ್ಪರ್ಶ ಒಂದೇ, ಆದರೂ ಅದು ಹಿಂಸೆಯ ಲೆಕ್ಕದೊಳಗೆ ಬರುತ್ತದೆ. ನನ್ನ ವಾದಕ್ಕೆ ಅಷ್ಟೂ ಬೇಕಿಲ್ಲ. ಮರ ಜಾಗ ಬದಲಿಸಲಾರದು ಎಂಬ, ಯಾರೂ ಅಲ್ಲಗಳೆಯದ ಒಂದು ಸಂಗತಿ ಸಾಕು. ಬೀದಿನಾಯಿಯನ್ನು ಸರಿಯಾಗಿ ನೋಡಿಕೊಳ್ಳದಿದ್ದರೆ ಅದು ಇನ್ನೊಂದು ಬೀದಿಗೆ ಹೋಗುತ್ತದೆ. ಮರವನ್ನು ಎಲ್ಲಿ ಇಟ್ಟೆವೋ ಅಲ್ಲೇ ಅದರ ಹಣೆಬರಹ. ತನ್ನ ಜಾಗವನ್ನು ತಾನು ಆರಿಸಿಕೊಳ್ಳಲಾರದ ಜೀವಕ್ಕೆ ಜಾಗ ಆರಿಸುವ ಅಧಿಕಾರ ಹಿಡಿದವರ ಮೇಲೆ ಹೊಣೆಯೂ ಬೀಳುತ್ತದೆ. ಪುಣ್ಯ, ನರಕಗಳನ್ನು ನಂಬದವರಿಗೂ ಇಲ್ಲಿಂದ ತಪ್ಪಿಸಿಕೊಳ್ಳಲು ದಾರಿಯಿಲ್ಲ.

ಪರಂಪರೆ ಈ ವಿವೇಕವನ್ನು ಗ್ರಂಥಕ್ಕಿಂತ ಹೆಚ್ಚಾಗಿ ಊರಿನ ನಕ್ಷೆಯಲ್ಲಿ ಬರೆದಿಟ್ಟಿದೆ. ಹಳೇ ಮೈಸೂರಿನ ಯಾವ ಹಳ್ಳಿಗೆ ಹೋದರೂ ಅರಳಿ ಇರುವುದು ಕಟ್ಟೆಯ ಮೇಲೆ, ಪಕ್ಕದಲ್ಲಿ ಬೇವು, ಬುಡದಲ್ಲಿ ನಾಗರಕಲ್ಲು. ಅರಳಿಗೂ ಬೇವಿಗೂ ಮದುವೆ ಮಾಡಿಸಿದ್ದು ಊರಿನವರೆಲ್ಲ ಸೇರಿ; ಪ್ರದಕ್ಷಿಣೆ ಎಲ್ಲರದು, ಪಂಚಾಯ್ತಿ ಎಲ್ಲರದು. ಹುಣಸೆ, ಹೊಂಗೆ, ಮಾವು ಗುಂಡುತೋಪಿನಲ್ಲಿ. ಹೊಳೆಮತ್ತಿ ಹೊಳೆಯ ದಂಡೆಯಲ್ಲಿ. ಕನಕಪುರದಾಚೆ ಅರ್ಕಾವತಿ ಕಾವೇರಿಗೆ ಸೇರುವ ಸಂಗಮದ ಸುತ್ತ ಅದರ ಕಾಂಡ ನೋಡಿದವರು ಅದನ್ನು ಮನೆಗೆ ತರುವ ಮಾತೆತ್ತಲಾರರು. ಮನೆಯ ಹಿತ್ತಿಲಿಗೆ ಬಂದವು ಬೇರೆಯೇ: ನಂದಿಬಟ್ಟಲು, ದಾಸವಾಳ, ಪಾರಿಜಾತ, ಕರಿಬೇವು, ನುಗ್ಗೆ, ದಾಳಿಂಬೆ. ದೊಡ್ಡ ಮರ ಊರಿನದು, ಚಿಕ್ಕ ಮರ ಮನೆಯದು ಎಂಬ ಈ ಹಂಚಿಕೆಯಲ್ಲಿ ಮೇಲು ಕೀಳು ಇರಲಿಲ್ಲ. ಬೆಳಗಿನ ಪೂಜೆಗೆ ಬೇಕಾದ ಹೂ ಕಟ್ಟೆಯ ಮೇಲಿನ ಅರಳಿಯಿಂದ ಬರುತ್ತಿರಲಿಲ್ಲ. ಉತ್ಥಾನ ದ್ವಾದಶಿಯ ದಿನ ತುಳಸಿ ಕಟ್ಟೆಗೆ ಸಿಕ್ಕಿಸುವುದು ನೆಲ್ಲಿಯ ಟೊಂಗೆ, ಆಲದ್ದಲ್ಲ. ಗೀತೆಯ ಕೃಷ್ಣ ಮರಗಳಲ್ಲಿ ತಾನು ಅಶ್ವತ್ಥ ಎನ್ನುತ್ತಾನೆ, ನಿಜ. ಆದರೆ ತನಗೆ ಏನು ಕೊಡಬೇಕು ಎಂದು ಹೇಳುವಾಗ ಎಲೆ, ಹೂ, ಹಣ್ಣು, ನೀರಿಗೆ ಇಳಿಯುತ್ತಾನೆ. ದೇವರು ತನ್ನ ಹಿರಿಮೆಗೆ ದೊಡ್ಡ ಮರ ಆರಿಸಿಕೊಂಡು, ನಮ್ಮ ಕೈಯಿಂದ ತೆಗೆದುಕೊಳ್ಳುವಾಗ ಹಿತ್ತಿಲ ಗಿಡಕ್ಕೆ ತೃಪ್ತನಾದ.

ವಾಸ್ತು ಕೇಳಿ ಗಿಡ ನೆಡುವವರಿಗೂ ಒಂದು ಮಾತು. ಮನೆಗೆ ಹತ್ತಿರ ಮುಳ್ಳಿನ ಮರವಿದ್ದರೆ ಶತ್ರುಭಯ, ಹಾಲು ಸುರಿಸುವ ಮರವಿದ್ದರೆ ಧನನಾಶ, ಹಣ್ಣಿನ ಮರವಿದ್ದರೆ ಸಂತಾನಕ್ಕೆ ಕೇಡು ಎಂದು ಅದೇ ವರಾಹಮಿಹಿರ ವಾಸ್ತುವಿನ ಅಧ್ಯಾಯದಲ್ಲಿ ಹೇಳುತ್ತಾನೆ. ಇದನ್ನು ಅಕ್ಷರಶಃ ಹಿಡಿದರೆ ಬಿಲ್ವವೂ ಬನ್ನಿಯೂ ಮುಳ್ಳಿನವು, ನಂದಿಬಟ್ಟಲೂ ದೇವಕಣಗಿಲೆಯೂ ಹಾಲಿನವು, ದಾಳಿಂಬೆ ಹಣ್ಣಿನದು. ಅಂಗಳದಲ್ಲಿ ಉಳಿಯುವುದು ಸಿಮೆಂಟು. ನಮ್ಮ ಹಿರಿಯರು ಹಾಗೆ ಹಿಡಿಯಲಿಲ್ಲ. ನಂದಿಬಟ್ಟಲಿಲ್ಲದ ಹಳೆಯ ಹಿತ್ತಿಲು ಅಪರೂಪ. ಆ ನಿಯಮದ ಮುಂದಿನ ಭಾಗವನ್ನು ಇಂದಿನ ವಾಸ್ತು ಪುಸ್ತಕಗಳು ಮರೆಯುತ್ತವೆ. ಅಂಥ ಮರವನ್ನು ಕಡಿಯಲು ಮನಸ್ಸಿಲ್ಲದಿದ್ದರೆ ನಡುವೆ ಪುನ್ನಾಗ, ಅಶೋಕ, ಬಕುಲದಂಥ ಶುಭವೃಕ್ಷ ನೆಡಿ ಎಂದು ಅವನೇ ದಾರಿ ತೋರಿಸುತ್ತಾನೆ. ಭಯಕ್ಕೆ ಮದ್ದು ಇನ್ನೊಂದು ಮರ, ಕೊಡಲಿ ಅಲ್ಲ.

ಇನ್ನು ನೆಲದ ಮಾತು, ಏಕೆಂದರೆ ಸಹಜ ಆಯಸ್ಸು ಎಂಬುದು ಜಾತಿಯಷ್ಟೇ ಜಾಗಕ್ಕೂ ಸೇರಿದ್ದು. ರಾಮನಗರಕ್ಕೆ ಬ್ರಿಟಿಷರ ಕಾಲದಲ್ಲಿ ಕ್ಲೋಸ್‌ಪೇಟೆ ಎಂಬ ಹೆಸರಿತ್ತು. ಭೂವಿಜ್ಞಾನಿಗಳು ಇಲ್ಲಿನ ಬಂಡೆಯನ್ನು ಇಂದಿಗೂ ಕ್ಲೋಸ್‌ಪೇಟ್ ಗ್ರಾನೈಟ್ ಎನ್ನುತ್ತಾರೆ. ಅದರ ವಯಸ್ಸು ಸುಮಾರು 250 ಕೋಟಿ ವರ್ಷ. ರಾಮದೇವರ ಬೆಟ್ಟದಿಂದ ಸಾವನದುರ್ಗದವರೆಗೆ ಎದ್ದು ನಿಂತಿರುವುದು ಅದೇ ಕಲ್ಲು, ಎಷ್ಟೋ ಕಡೆ ಕೆಮ್ಮಣ್ಣಿನ ತೆಳು ಹೊದಿಕೆಯ ಕೆಳಗೆ ಮಲಗಿರುವುದೂ ಅದೇ. ಹಗಲೆಲ್ಲ ಕಾದ ಬಂಡೆ ಇರುಳಲ್ಲೂ ಬಿಸಿ ಬಿಡುತ್ತದೆ. ಬೇರು ಆಳಕ್ಕಿಳಿಯಲಾಗದೆ ಪಕ್ಕಕ್ಕೆ ಹೋಗುತ್ತದೆ; ಪಕ್ಕದಲ್ಲಿರುವುದು ಸಂಪು, ಕಾಂಪೌಂಡು, ಪಕ್ಕದ ಮನೆಯವರ ಪಾಯ. ಮೇಲಕ್ಕೆ ಹೋದರೆ ಬೆಸ್ಕಾಂ ತಂತಿ. ಇಂಥಲ್ಲಿ ಮುಗಿಲೆತ್ತರದ ಆಕಾಶಮಲ್ಲಿಗೆಯೋ ಬಲಹೀನ ಕೊಂಬೆಗಳ ಗುಲ್‌ಮೊಹರೋ ನೆಟ್ಟರೆ ಗಾಳಿಮಳೆಗೆ ಒಂದು ಕೊಂಬೆ, ತಂತಿಗೆಂದು ಇನ್ನೊಂದು ಕೊಂಬೆ ಕಳೆದುಕೊಂಡು ಕೊನೆಗೆ ಬೋಳು ಕಾಂಡ ನಿಲ್ಲುತ್ತದೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಸ್ವಂತ ಕಾಂಪೌಂಡಿನ ಮರ ಕಡಿಯಲೂ ಸಾಮಾನ್ಯವಾಗಿ ವೃಕ್ಷಾಧಿಕಾರಿಯ ಅನುಮತಿ ಬೇಕು. ಕಾನೂನು ಕಡಿಯುವವರನ್ನು ಪ್ರಶ್ನಿಸುತ್ತದೆ. ಕಡಿಯದೆ ಬೇರೆ ದಾರಿಯೇ ಇಲ್ಲದಂಥ ಜಾಗದಲ್ಲಿ ತಂದು ನೆಟ್ಟವರನ್ನು ಅದು ಕೇಳುವುದಿಲ್ಲ.

ದೊಡ್ಡ ಮರವನ್ನೇ ಕತ್ತರಿಸಿ ಕತ್ತರಿಸಿ ಚಿಕ್ಕದಾಗಿಟ್ಟುಕೊಳ್ಳಬಾರದೇ ಎನ್ನಬಹುದು. ಈ ಜಿಲ್ಲೆಗೆ ಆ ವಿದ್ಯೆ ಹೊಸದಲ್ಲ. ಹಿಪ್ಪುನೇರಳೆ ಬಿಟ್ಟರೆ ಮರವಾಗುವ ಗಿಡ; ರೇಷ್ಮೆಯ ಹುಳುವಿಗಾಗಿ ಅದನ್ನು ಮರವಾಗಲು ಬಿಡದೆ ಕಡಿಯುತ್ತಲೇ ಇರುತ್ತಾರೆ, ರಾಮನಗರದ ಗೂಡಿನ ಮಾರುಕಟ್ಟೆ ನಿಂತಿರುವುದೇ ಅದರ ಮೇಲೆ. ಅದು ಹೊಟ್ಟೆಪಾಡು, ಅದರ ಮೇಲೆ ತೀರ್ಪು ಕೊಡಲು ನಾನು ಹೋಗಲಾರೆ. ಆದರೆ ಅಲಂಕಾರಕ್ಕಾಗಿ ಒಂದು ಜೀವದ ಸ್ವಭಾವವನ್ನು ದಿನನಿತ್ಯ ಮುರಿಯುತ್ತಿರುವುದಕ್ಕೆ ಹೊಟ್ಟೆಪಾಡಿನ ಸಮರ್ಥನೆ ಸಿಗುವುದಿಲ್ಲ. ಸ್ವಭಾವದಲ್ಲೇ ಚಿಕ್ಕದಾದ ಮರಗಳು ಇಷ್ಟೊಂದು ಇರುವಾಗ ಕುಂಡದಲ್ಲಿ ಆಲವನ್ನು ಕುಬ್ಜ ಮಾಡಿ ಸಂತೋಷಪಡುವುದು ನನಗೆ ಒಗ್ಗದ ರಸಿಕತೆ. ಸ್ವಧರ್ಮ ಎಂದು ಮನುಷ್ಯರ ವಿಷಯದಲ್ಲಿ ಅಷ್ಟೆಲ್ಲ ಬರೆದ ನಾವು ಮರಕ್ಕೂ ಒಂದು ಸ್ವಧರ್ಮವಿದೆ ಎಂದು ಒಪ್ಪಿದರೆ ಏನೂ ಕಳೆದುಕೊಳ್ಳುವುದಿಲ್ಲ.

ಈ ಅಳತೆಗೋಲು ಹಿಡಿದು ಹುಡುಕಿದರೆ ಮೊದಲು ಸಿಗುವ ಹೆಸರು ಚನ್ನಪಟ್ಟಣದ ಮಣೆಗಳ ಮೇಲೇ ಇದೆ. ಗೊಂಬೆಗಳಿಗೆ ಬಳಸುತ್ತ ಬಂದ ಆಲೆಮರ, ಹಾಲೆ ಎಂದೂ ಕರೆಯುವ ಮರ. ಸಸ್ಯಶಾಸ್ತ್ರದಲ್ಲಿ ರೈಟಿಯಾ ಟಿಂಕ್ಟೋರಿಯಾ. ಕರಾವಳಿಯವರು ಆಟಿ ಅಮಾವಾಸ್ಯೆಗೆ ತೊಗಟೆಯ ಕಷಾಯ ಕುಡಿಯುವ ಹಾಲೆ ಬೇರೆ; ಅದು ದೈತ್ಯ, ಅಂಗಳದ ಮರವಲ್ಲ. ನಮ್ಮ ಆಲೆ ಒಣ ಕುರುಚಲು ಕಾಡಿನದು, ಕಲ್ಲುನೆಲಕ್ಕೆ, ಬಿಸಿಲಿಗೆ ಹುಟ್ಟಿನಿಂದ ಒಗ್ಗಿಕೊಂಡದ್ದು. ಎತ್ತರ ಮಿತ, ಹರವು ತೆಳು. ಬೇಸಿಗೆಯಲ್ಲಿ ಬಿಳಿಯ, ಮಲ್ಲಿಗೆಯ ಹೋಲಿಕೆಯ ಪರಿಮಳದ ಹೂ. ಆಮೇಲೆ ತುದಿಯಲ್ಲಿ ಕೂಡಿಕೊಂಡ ಜೋಡಿ ಉದ್ದ ಕಾಯಿ. ಚಳಿಗಾಲದಲ್ಲಿ ಎಲೆ ಉದುರಿಸಿ ಬೋಳಾಗುವ ಸಜ್ಜನಿಕೆ. ಎಲೆಯಿಂದ ನೀಲಿ ಬಣ್ಣ ತೆಗೆಯುತ್ತಿದ್ದುದೂ ಉಂಟು. ನುಣುಪು, ಬಿಳಿ, ಒತ್ತಾದ ಎಳೆಯ ಅದರ ಮರ ಅರಗನ್ನು ಚೆನ್ನಾಗಿ ಹಿಡಿಯುವುದರಿಂದ ಗೊಂಬೆಯವರ ಕೈಗೆ ಬಂತು. ಟಿಪ್ಪುವಿನ ಕಾಲದಿಂದ ನಂಟು ಹೇಳುವ ಆ ಕಸುಬಿಗೆ ಈಗ ರಬ್ಬರ್ ಮರವೂ ಬೇರೆ ಮರಗಳೂ ಸೇರಿವೆ. ಊರಿಗೆ ಹೆಸರು ತಂದ ಮರವನ್ನು ಆ ಊರಿನ ಅಂಗಳಗಳಲ್ಲಿ ಹುಡುಕಬೇಕಾಗಿರುವುದು ನನಗೆ ಧರ್ಮದ ದೃಷ್ಟಿಯಿಂದಲೇ ವಿಚಿತ್ರವಾಗಿ ಕಾಣುತ್ತದೆ. ತೆಗೆದುಕೊಳ್ಳುತ್ತ ಬಂದಿದ್ದೇವೆ; ಕೊಟ್ಟದ್ದಕ್ಕೆ ಲೆಕ್ಕವಿಲ್ಲ. ಒಂದು ಗೊಂಬೆಯನ್ನು ಶೋಕೇಸಿನಲ್ಲಿಟ್ಟ ಮನೆಯ ಗೇಟಿನ ಬಳಿ ಒಂದು ಆಲೆ ಇದ್ದರೆ ಅದನ್ನು ಋಣಸಂದಾಯ ಎನ್ನಲು ಯಾವ ಪುರಾಣದ ಅಪ್ಪಣೆಯೂ ಬೇಡ.

ಎರಡನೆಯದು ಪಾರಿಜಾತ, ಬೇರೆಯೇ ಕಾರಣಕ್ಕೆ. ಅದರ ಹೂ ಸಂಜೆ ಅರಳಿ ಬೆಳಗಾಗುವುದರೊಳಗೆ ತಾನೇ ಉದುರುತ್ತದೆ. ನೆಲಕ್ಕೆ ಬಿದ್ದ ಹೂ ದೇವರಿಗೆ ಸಲ್ಲದು ಎಂಬ ಕಟ್ಟಳೆಗೆ ಇದೊಂದನ್ನು ಹೊರತುಮಾಡಿದ್ದಾರೆ. ಕೀಳುವುದರಲ್ಲಿ ಹಿಂಸೆಯಿದೆ ಎಂದು ಜೈನನಿಗೆ ಅನ್ನಿಸಿದ ಅಳುಕು ವೈದಿಕನಿಗೂ ಒಳಗೊಳಗೇ ಇದ್ದಿರಬೇಕು. ಇಲ್ಲದಿದ್ದರೆ ತಾನಾಗಿ ಉದುರುವ ಹೂವಿಗೆ ಈ ವಿನಾಯಿತಿ ಸಿಗುತ್ತಿರಲಿಲ್ಲ. ಮಳೆಗಾಲ ಮುಗಿಯುತ್ತ ಬಂದಂತೆ, ನವರಾತ್ರಿಯ ಆಸುಪಾಸಿಗೆ ಅದರ ಸುಗ್ಗಿ. ಬೇಸಿಗೆಯಲ್ಲಿ ಎಲೆ ಕಳೆದುಕೊಂಡು ನೋಡಲು ಬಡವಾಗುತ್ತದೆ. ವರ್ಷವಿಡೀ ಹಸಿರು ಬೇಕೆನ್ನುವವರಿಗೆ ಒಗ್ಗದು. ಕಕ್ಕೆಯ ಚಿನ್ನದ ಗೊಂಚಲು ಬೇಕೆನ್ನುವವರು ಹತ್ತು ಅಡಿಯಾದರೂ ಖಾಲಿ ಬಿಡಲು ಸಿದ್ಧರಿರಬೇಕು. ಹಳದಿ ಚಿಟ್ಟೆಯ ಹುಳುಗಳು ಎಲೆ ತಿನ್ನುವುದನ್ನು ನೋಡಿ ಔಷಧಿ ಡಬ್ಬ ತರಬಾರದು. ನೆಲ್ಲಿ, ಬಿಲ್ವ, ಕರಿಬೇವಿನ ಬಗ್ಗೆ ಎಲ್ಲರಿಗೂ ಗೊತ್ತು. ನಿಜವಾದ ಅಶೋಕ, ಪಾರ್ವತಿಯ ಮಗ, ತೇವ ಮತ್ತು ನೆರಳು ಬೇಡುವ ಮರ. ಈ ಬಿಸಿಲುಗಲ್ಲಿನಲ್ಲಿ ನೀರುಣಿಸುವ ಶಕ್ತಿ ಇದ್ದವರಿಗೆ ಮಾತ್ರ. ಅಶೋಕವೆಂದು ಎಲ್ಲ ಕಾಂಪೌಂಡಿನ ಗುಂಟ ನಿಲ್ಲಿಸಿರುವ ನೀಳ ಕಂಬದಂಥ ಮರ ಅದಲ್ಲವೇ ಅಲ್ಲ.

ಈಗ ಆ ಮೊದಲ ಆಕ್ಷೇಪಕ್ಕೆ, ಅಲಂಕಾರವೆಂದರೆ ಭೋಗ ಎಂಬುದಕ್ಕೆ, ಮರಳಬಹುದು. ಕಾಂಪೌಂಡಿನೊಳಗಿನ ಮರ ನನ್ನದು, ಅದರ ಚೆಂದ ನನ್ನದು, ಆದ್ದರಿಂದ ಅದರಲ್ಲಿ ಪರಾರ್ಥವಿಲ್ಲ ಎಂಬುದು ವಾದ. ಆದರೆ ಹೂಮರ ಎಂಬುದು ಒಡೆತನಕ್ಕೆ ಅಷ್ಟು ಸುಲಭವಾಗಿ ಸಿಗದ ವಸ್ತು. ಪರಿಮಳಕ್ಕೆ ಕಾಂಪೌಂಡಿಲ್ಲ, ರಸ್ತೆಯ ಕಡೆ ಬಾಗಿದ ಕೊಂಬೆಗೆ ಮಾಲೀಕನ ಹೆಸರಿಲ್ಲ. ನಸುಕಿನಲ್ಲಿ ವಾಕಿಂಗ್ ನೆಪದಲ್ಲಿ ಪ್ಲಾಸ್ಟಿಕ್ ಚೀಲ ಹಿಡಿದು ಊರವರ ಮನೆಯ ಹೂವೆಲ್ಲ ತಮ್ಮ ದೇವರಿಗೆ ಏರಿಸುವ ಭಕ್ತಶಿಖಾಮಣಿಗಳು ನಮ್ಮ ಎಲ್ಲ ಊರಲ್ಲೂ ಇದ್ದಾರೆ. ಕದ್ದ ಹೂವಿನ ಪೂಜೆಯ ಪುಣ್ಯ ಯಾರಿಗೆ ಎಂಬುದು ಮೀಮಾಂಸಕರಿಗೆ ಒಳ್ಳೆಯ ವಿಷಯ. ನನ್ನ ಮತ ನೆಟ್ಟವರ ಕಡೆಗೆ. ತಮಾಷೆ ಬಿಟ್ಟು ನೋಡಿದರೆ ಇನ್ನೊಂದು ಸಾಕ್ಷ್ಯವಿದೆ, ಅದು ಚನ್ನಪಟ್ಟಣದ ಗೊಂಬೆ ಕೆಲಸದ, ರಾಮನಗರದ ನೂಲು ಬಿಚ್ಚುವ ಕೆಲಸದ ಎಷ್ಟೋ ಕುಟುಂಬಗಳ ಧರ್ಮದಿಂದ ಬರುತ್ತದೆ. ಒಬ್ಬ ಮುಸಲ್ಮಾನ ನೆಟ್ಟ ಗಿಡದಿಂದ ಮನುಷ್ಯನೋ ಹಕ್ಕಿಯೋ ಪ್ರಾಣಿಯೋ ತಿಂದರೆ ಅದು ಅವನ ದಾನವಾಗಿ ಸಲ್ಲುತ್ತದೆ ಎಂದು ಪ್ರವಾದಿ ಮುಹಮ್ಮದರ ಹದೀಸು ಹೇಳುತ್ತದೆ. ಗಿಡ ಯಾರ ಜಾಗದಲ್ಲಿದೆ ಎಂದು ಅಲ್ಲಿ ಕೇಳಿಲ್ಲ. ತಿಂದದ್ದು ಯಾರೆಂದು ಕೇಳಿದೆ, ಅದರಲ್ಲಿ ಹಕ್ಕಿಗೂ ಲೆಕ್ಕವಿದೆ. ಕರಿಬೇವಿನ ಎಲೆ ತಿಂದು ರೆಕ್ಕೆ ಬಲಿಯುವ ಚಿಟ್ಟೆ ಗೇಟಿನೊಳಗಿನದೋ ಹೊರಗಿನದೋ? ಅಲಂಕಾರದ ಮರ ಸ್ವಾರ್ಥವಾಗುವುದು ಅದರ ಚೆಂದದಿಂದಲ್ಲ, ಬೇರೆ ಯಾವ ಜೀವಕ್ಕೂ ಬಾಯಿಗಿಡಲು ಏನೂ ಇಲ್ಲದಂಥದ್ದನ್ನು ಹುಡುಕಿ ನೆಟ್ಟಾಗ.

ಇದನ್ನೇ ಒರೆಗಲ್ಲಾಗಿ ಹಿಡಿದರೆ ನಾಡಗಿಡವೋ ಪರದೇಶಿಯೋ ಎಂಬ ಜಗಳವೂ ತಕ್ಕಮಟ್ಟಿಗೆ ಬಗೆಹರಿಯುತ್ತದೆ. ಹೆಡೆಬಿಚ್ಚಿದ ನಾಗನ ಕೆಳಗಿನ ಲಿಂಗದಂತೆ ಹೂವಿರುವ ನಾಗಲಿಂಗ ಮರವನ್ನು ಶಿವಾಲಯದ ಅಂಗಳದಲ್ಲಿ ಕೈಮುಗಿದು ನೋಡುತ್ತೇವೆ. ಅದರ ತವರು ದಕ್ಷಿಣ ಅಮೆರಿಕ. ಗುಡಿಯ ಮರವೆಂದೇ ಹೆಸರಾದ ದೇವಕಣಗಿಲೆಯೂ ಅಮೆರಿಕ ಖಂಡದಿಂದ ಬಂದದ್ದು. ಭಕ್ತಿಗೆ ಪಾಸ್‌ಪೋರ್ಟ್ ಕೇಳುವ ಅಭ್ಯಾಸ ಇರಲಿಲ್ಲ, ಅದು ಒಳ್ಳೆಯದೇ. ಹುಟ್ಟಿನಿಂದ ಪಾವಿತ್ರ್ಯ ಅಳೆಯುವುದು ಮನುಷ್ಯರಲ್ಲಿ ತಪ್ಪಾದರೆ ಮರದಲ್ಲಿ ಸರಿಯಾಗುವುದು ಹೇಗೆ? ಹಾಗೆಂದು ಎಲ್ಲ ಅತಿಥಿಗಳೂ ಸಮವಲ್ಲ. ದೇವಕಣಗಿಲೆ ನೀರು ಬೇಡದು, ಟೊಂಗೆ ಮುರಿದು ನೆಟ್ಟರೆ ಬದುಕುತ್ತದೆ, ಐದಾರು ಅಡಿ ಮಣ್ಣಿಗೆ ಹೇಳಿಮಾಡಿಸಿದ್ದು. ಆದರೆ ಅದರ ಹೂವಿನಲ್ಲಿ ಮಕರಂದವಿಲ್ಲ, ಪರಿಮಳ ನಂಬಿ ಬಂದ ಪತಂಗ ಬರಿಬಾಯಲ್ಲಿ ಹೋಗುತ್ತದೆ. ಪೂಜೆಗೆ ಮೇಲು, ದಾನದಲ್ಲಿ ಹಿಂದೆ. ಆಲೆಗೂ ಅದಕ್ಕೂ ನಡುವೆ ಆರಿಸಬೇಕಾದರೆ ನಾನು ಆಲೆಯ ಕಡೆ. ಇನ್ನು ಬೇಗ ಬೆಳೆದು ಗೋಡೆಯಂತೆ ಹಸಿರಾಗುತ್ತದೆಂದು ಬಡಾವಣೆಗಳಲ್ಲಿ ಹಬ್ಬಿಸುತ್ತಿರುವ ಕೊನೊಕಾರ್ಪಸ್ ಅನ್ನು ಗುಜರಾತ್ ಸರ್ಕಾರ 2023ರಲ್ಲಿ ನಿಷೇಧಿಸಿತು. ಅದರ ಬೇರು ಪೈಪು ಒಡೆಯುತ್ತದೆಂಬ ದೂರು, ಪರಾಗದಿಂದ ಅಲರ್ಜಿ ಎಂಬ ದೂರು. ಪೈಪು ಒಡೆದ ದಿನ ಆ ಮರಗಳಿಗೂ ಕೊಡಲಿಯೇ ಗತಿ.

ಗಂಭೀರವಾದ ಇನ್ನೊಂದು ಆಕ್ಷೇಪ ಉಳಿದಿದೆ, ಅದಕ್ಕೆ ಅರ್ಧ ಸೋಲಬೇಕು. ಬಿಸಿಲು ವರ್ಷದಿಂದ ವರ್ಷಕ್ಕೆ ಏರುತ್ತಿದೆ; 2007ರಲ್ಲಿ ಜಿಲ್ಲೆಯಾಗಿ 2025ರಲ್ಲಿ ಬೆಂಗಳೂರು ದಕ್ಷಿಣ ಎಂಬ ಹೆಸರು ಹೊತ್ತ ಈ ನಾಡಿಗೆ ನಗರ ಹರಿದು ಬರುತ್ತಿದೆ. ಊರಿಗೆ ಬೇಕಾದದ್ದು ಬಿಸಿಲು ತಡೆಯುವ ದೊಡ್ಡ ಮರ, ಗೇಟಿನ ಪಕ್ಕದ ಹೂವಲ್ಲ. ಒಪ್ಪುತ್ತೇನೆ. ಸಾವಿರ ಪಾರಿಜಾತ ಸೇರಿದರೂ ಒಂದು ಆಲದ ತಂಪು ಬಾರದು, ಬರುತ್ತದೆಂದು ಹೇಳುವುದು ಸುಳ್ಳು. ಆದರೆ ಈ ಆಕ್ಷೇಪ ಬೆರಳು ತೋರಿಸಬೇಕಾದ ದಿಕ್ಕು ಅಂಗಳವಲ್ಲ. ಗುಂಡುತೋಪು ಒತ್ತುವರಿಯಾದಾಗ, ಕಟ್ಟೆಯ ಅರಳಿಗೆ ಕಾಂಕ್ರೀಟು ಹಾಕಿ ಉಸಿರು ಕಟ್ಟಿಸಿದಾಗ, ರಸ್ತೆ ಅಗಲವಾಗುವಾಗ ಸುಮ್ಮನಿದ್ದು ಆಮೇಲೆ ಮನೆ ಮಾಲೀಕನಿಗೆ ದೊಡ್ಡ ಮರ ನೆಡಲಿಲ್ಲವೇಕೆ ಎಂದು ಕೇಳುವುದು ಊರಿನ ಕರ್ತವ್ಯವನ್ನು ಮನೆಯ ತಲೆಗೆ ಕಟ್ಟಿದಂತೆ. 2019ರಲ್ಲಿ ಬಾಗೇಪಲ್ಲಿ–ಹಲಗೂರು ರಸ್ತೆಯ ಅಗಲೀಕರಣಕ್ಕೆ ತಿಮ್ಮಕ್ಕನ ಆಲಗಳೇ ಬಲಿಯಾಗುವ ಪ್ರಸಂಗ ಬಂದು, ಆ ಹಿರಿಯ ಜೀವವೇ ಸರ್ಕಾರಕ್ಕೆ ಮೊರೆಯಿಡಬೇಕಾಯಿತು. ಪದ್ಮಶ್ರೀ ಬಂದ ವರ್ಷವೇ! ದೊಡ್ಡ ಮರ ನೆಡಬೇಕೆನ್ನುವ ಶ್ರದ್ಧಾವಂತ ತನ್ನ ಐದಡಿಯಲ್ಲಿ ಚಿಕ್ಕದನ್ನು ಬೆಳೆಸಿ, ಮಿಕ್ಕ ಶ್ರದ್ಧೆಯನ್ನು ಪುರಸಭೆಯ ಸಭೆಗೆ, ಕೆರೆ ಏರಿಗೆ, ಶಾಲೆಯ ಮೈದಾನಕ್ಕೆ ಒಯ್ಯಲಿ. ಸೈಟೇ ಇಲ್ಲದ, ವಠಾರದಲ್ಲಿ ಬದುಕುವ ಮನುಷ್ಯನಿಗೂ ವೃಕ್ಷಪುಣ್ಯಕ್ಕೆ ಆ ದಾರಿ ತೆರೆದೇ ಇದೆ. ತಿಮ್ಮಕ್ಕ ಆಲ ನೆಟ್ಟದ್ದು ತಮ್ಮ ಸೈಟಿನಲ್ಲಲ್ಲ.

ನನ್ನ ವಾದಕ್ಕೆ ತೊಡಕಾಗುವ ಒಂದು ಪ್ರಸಂಗವಿದೆ: ಯಾರೂ ಆರಿಸದ ಮರ. ಹಕ್ಕಿ ಹಿಕ್ಕೆಯಿಂದ ಕಾಂಪೌಂಡಿನ ಬಿರುಕಿನಲ್ಲೋ ಸಜ್ಜೆಯ ಮೇಲೋ ಒಂದು ಅರಳಿ ಹುಟ್ಟುತ್ತದೆ. ಅದನ್ನು ಕಿತ್ತರೆ ಕೇಡು ಎಂಬ ಅಂಜಿಕೆ ವಿದ್ಯಾವಂತರಲ್ಲೂ ಇದೆ. ಕೀಳಲು ಆಳು ಕೂಡ ಹಿಂಜರಿಯುತ್ತಾನೆ. ನೋಡಿದರೂ ನೋಡದಂತೆ ಎರಡು ಮೂರು ವರ್ಷ ಕಳೆಯುತ್ತದೆ. ಅಷ್ಟರಲ್ಲಿ ಬೇರು ಗೋಡೆ ಸೀಳುತ್ತದೆ. ಆಗ ಬುಡಕ್ಕೆ ಆ್ಯಸಿಡ್ ಸುರಿಯುತ್ತಾರೆ, ಮೇಲೆ ಒಂದು ಶಾಂತಿ ಮಾಡಿಸುತ್ತಾರೆ. ಜೀವಕ್ಕೆ ಸಲ್ಲಬೇಕಾದ್ದು ಜಾಗ ಎಂದು ಒಪ್ಪಿದ ಮೇಲೆ ಇಲ್ಲಿ ಮಾಡಬೇಕಾದ್ದು ಸ್ಪಷ್ಟ. ಗೇಣುದ್ದ ಇರುವಾಗ, ಮುಂಗಾರು ಹಿಡಿದ ಮೇಲೆ, ಬಿರುಕಿಗೆ ನೀರು ಬಿಟ್ಟು ಬೇರು ಸಮೇತ ಬಿಡಿಸಬೇಕು. ಒದ್ದೆ ಗೋಣಿಯಲ್ಲಿ ಸುತ್ತಿ ಕುಂಡದಲ್ಲೋ ಪಾಕೀಟಿನಲ್ಲೋ ಒಂದು ವರ್ಷ ಸಾಕಬೇಕು. ಮುಂದಿನ ಆಷಾಢಕ್ಕೆ ಕೆರೆ ಏರಿಯೋ ಗುಡಿಯ ಹೊರ ಅಂಗಳವೋ, ಕೇಳಿ ಒಪ್ಪಿಸಿಕೊಂಡ ಜಾಗದಲ್ಲಿ ನೆಟ್ಟು, ಎರಡು ಬೇಸಿಗೆ ನೀರಿಗೆ ಯಾರು ಹೊಣೆ ಎಂದು ಅಂದೇ ಮಾತಾಡಿಕೊಳ್ಳಬೇಕು. ಅದನ್ನು ಅರಳಿಗೆ ಮುಂಜಿ ಮಾಡುವ ಅಶ್ವತ್ಥೋಪನಯನದಷ್ಟೇ ಶ್ರದ್ಧೆಯಿಂದ ಮಾಡುವುದಕ್ಕೆ ಪುರೋಹಿತರೂ ಅಡ್ಡಿ ಹೇಳಲಾರರು. ಗೋಡೆಯ ಬಿರುಕಿಗೆ ಸಿಮೆಂಟು ಮೆತ್ತುವ ಕೆಲಸ ಆಮೇಲಿನದು.